ಒಂದೇ ಸಲ ಕೇಳುವ ಗೆಳತಿ

ಹಂಪಾಪುರ
12 ಜನವರಿ 2025

ಕಲಿಕಾ ವಿನ್ಯಾಸ ವಿಭಾಗದ ಸಾಹೇಬರಿಗೆ, ಹಂಪಾಪುರದ ಅಂಗನವಾಡಿ ಕಾರ್ಯಕರ್ತೆ ಸುನಂದಮ್ಮ ಮಾಡುವ ನಮಸ್ಕಾರಗಳು.

ನಾನು ನಿಮ್ಮ ವಿಶ್ವವಿದ್ಯಾಲಯದ ಆನ್‌ಲೈನ್ ಬಿ.ಎ. ಮೂರನೇ ವರ್ಷದ ವಿದ್ಯಾರ್ಥಿನಿ. ವಿದ್ಯಾರ್ಥಿನಿ ಎಂದು ಬರೆಯುವಾಗ ನನಗೇ ನಗು ಬರುತ್ತದೆ. ಮನೆಗೆ ಸೊಸೆ ಬಂದು ವರ್ಷವಾಯಿತು. ಆದರೂ ದಿನಾ ಮಕ್ಕಳನ್ನು ಕಳಿಸಿದ ಮೇಲೆ ಅಂಗನವಾಡಿ ಜಗಲಿಯಲ್ಲಿ ಕೂತು ಫೋನಿನಲ್ಲಿ ಪಾಠ ಕೇಳುತ್ತೇನೆ. ಒಳಗೆ ಕೂತರೆ ನೆಟ್‌ವರ್ಕ್ ಸಿಗುವುದಿಲ್ಲ.

ಪದವಿ ಆದರೆ ನಮ್ಮಂಥ ಕಾರ್ಯಕರ್ತೆಯರು ಮೇಲ್ವಿಚಾರಕಿ ಹುದ್ದೆಗೆ ಅರ್ಜಿ ಹಾಕಬಹುದು. ಇಷ್ಟು ವರ್ಷ ಬೇರೆಯವರು ಬಂದು ನನ್ನ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹೋಗುವುದನ್ನು ನೋಡಿದ್ದೇನೆ. ನಾನೂ ಒಮ್ಮೆ ಊರೂರಿಗೆ ಹೋಗಿ, ಮಕ್ಕಳ ತೂಕ ಸರಿಯಾಗಿ ನೋಡುತ್ತಾರೋ ಇಲ್ಲವೋ ಎಂದು ವಿಚಾರಿಸುವಂತಾಗಲಿ ಎಂಬ ಆಸೆ. ವಯಸ್ಸಿನ ಮಿತಿಯೂ ಒಂದಿದೆ, ಅದಿರಲಿ.

ಬರೆಯಲು ಕಾರಣ ಇಷ್ಟೆ. ಪಕ್ಕದೂರಿನ ಅಂಗನವಾಡಿಯ ಸಿಂಧು ಕೂಡ ನಿಮ್ಮದೇ ಕೋರ್ಸು ಓದುತ್ತಿದ್ದಾಳೆ. ಅವಳ ಫೋನಿನಲ್ಲಿ ಸಂಖ್ಯಾಶಾಸ್ತ್ರದ ಪಾಠಗಳಿವೆ, ನನ್ನದರಲ್ಲಿ ಇಲ್ಲ. ಇಂಗ್ಲಿಷ್ ಪಾಠಗಳೂ ನನಗೆ ಕಡಿಮೆ. ಮೊದಮೊದಲು ಹೊರೆ ಇಳಿಯಿತು ಎಂದು ಸಂತೋಷಪಟ್ಟೆ, ಸುಳ್ಳು ಯಾಕೆ ಹೇಳಲಿ. ಈಗ ಭಯವಾಗುತ್ತಿದೆ. ಇಲಾಖೆ ಕೊಟ್ಟ ಫೋನು ಹಳೆಯದು, ಅದರಿಂದ ಹೀಗಾಯಿತೋ ಏನೋ. ಆ್ಯಪಿನಲ್ಲಿ ಕೇಳಿದರೆ ಒಂದು ಒತ್ತಿ, ಎರಡು ಒತ್ತಿ ಎನ್ನುತ್ತದೆ. ಕೋರ್ಸಿನ ಕರಪತ್ರದಲ್ಲಿ ಈ ವಿಳಾಸ ಇತ್ತು, ಅದಕ್ಕೇ ಕಾಗದ ಬರೆದೆ. ಆಫೀಸಿನವರ ಜೊತೆ ಫೋನಿನಲ್ಲಿ ಮಾತಾಡಬೇಕೆಂದರೆ ನನಗೆ ಬಾಯಿ ಒಣಗುತ್ತದೆ.

ನಿಮಗೆ ತೊಂದರೆ ಆಗುವುದಾದರೆ ಉತ್ತರ ಬರೆಯುವುದು ಬೇಡ.

ಇಂತಿ ವಿಧೇಯಳು,
ಸುನಂದಮ್ಮ


ಮೈಸೂರು
3 ಫೆಬ್ರವರಿ 2025

ಮಾನ್ಯ ಸುನಂದಮ್ಮನವರೇ,

ನಾನು ಸಾಹೇಬನೂ ಅಲ್ಲ, ಮುಖ್ಯಸ್ಥನೂ ಅಲ್ಲ. ಇಲ್ಲಿ ಪಾಠಗಳ ದಾರಿಯನ್ನು ರೂಪಿಸುವ ಕೆಲಸ ನನ್ನದು. ಹೆಸರು ನಂಜುಂಡೇಶ್, ಕೆ.ಆರ್. ನಗರದವನು. ನಮ್ಮ ವಿಭಾಗಕ್ಕೆ ಕೈಬರಹದ ಕಾಗದ ಬಂದಿದ್ದು ಇದೇ ಮೊದಲು. ಎಲ್ಲರೂ ಒಂದೊಂದು ಸಲ ಹಿಡಿದು ನೋಡಿದರು.

ನಿಮ್ಮ ಫೋನಿನದೇನೂ ತಪ್ಪಿಲ್ಲ. ನಮ್ಮ ಕೋರ್ಸಿನ ವಿಶೇಷವೇ ಅದು. ಕಾಲೇಜಿನಲ್ಲಿ ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ. ಅರ್ಥವಾದವನು ಆಕಳಿಸುತ್ತಾನೆ, ಆಗದವನು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸುತ್ತಾನೆ. ಇಲ್ಲಿ ಹಾಗಲ್ಲ. ಅಂಗಡಿಯಲ್ಲಿ ಸಿಗುವ ರವಿಕೆಗೂ ಅಳತೆ ಕೊಟ್ಟು ಹೊಲಿಸಿದ ರವಿಕೆಗೂ ವ್ಯತ್ಯಾಸ ಇಲ್ಲವೇ? ಹಾಗೆ, ನಿಮ್ಮ ಕೋರ್ಸು ನಿಮ್ಮ ಅಳತೆಯದು, ಸಿಂಧು ಅವರದು ಅವರ ಅಳತೆಯದು.

ಪಾಠ ಮುಗಿದ ಮೇಲೆ ಒಂದು ಹೆಣ್ಣು ದನಿ ನಿಮ್ಮನ್ನು ಮಾತಾಡಿಸುತ್ತದಲ್ಲ, ಅದಕ್ಕೆ ನಾವು ಗೆಳತಿ ಎಂದು ಹೆಸರಿಟ್ಟಿದ್ದೇವೆ. ಟೈಪ್ ಮಾಡಲು ಕಷ್ಟಪಡುವವರು ಬಾಯಲ್ಲೇ ಉತ್ತರಿಸಲಿ ಎಂಬ ಆಲೋಚನೆ ನನ್ನದೇ. ಇನ್ನಷ್ಟು ವಿವರಣೆ ಬೇಕೇ ಎಂದು ಅವಳು ಕೇಳುತ್ತಾಳೆ. ನೀವು ಏನು ಹೇಳುತ್ತೀರೋ ಅದರ ಮೇಲೆ ಮುಂದಿನ ಪಾಠ ನಿರ್ಧಾರವಾಗುತ್ತದೆ. ದಾಖಲೆ ತೆಗೆದು ನೋಡಿದೆ. ನೀವು ಒಮ್ಮೆಯೂ ವಿವರಣೆ ಬೇಕೆಂದು ಕೇಳಿಲ್ಲ. ಕಿರುಪರೀಕ್ಷೆಗಳಲ್ಲೂ ಒಳ್ಳೆಯ ಅಂಕ. ತೃಪ್ತ ಕಲಿಕಾರ್ಥಿಗಳ ಸಾಲಿನಲ್ಲಿ ನಿಮ್ಮ ಹೆಸರು ಮೇಲೆಯೇ ಇದೆ. ಅಭಿನಂದನೆಗಳು!

ಏನೇ ಇದ್ದರೂ ಧಾರಾಳವಾಗಿ ಬರೆಯಿರಿ.

ವಿಶ್ವಾಸದಿಂದ,
ನಂಜುಂಡೇಶ್


ಹಂಪಾಪುರ
20 ಫೆಬ್ರವರಿ 2025

ನಂಜುಂಡೇಶ್ ಸರ್ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿ ತುಂಬಾ ಸಂತೋಷವಾಯಿತು. ಯಜಮಾನರು ಚಲುವಯ್ಯನವರು ಬಾಳೆತೋಟದಿಂದ ಬಂದವರು ಕೈಯನ್ನೂ ತೊಳೆಯದೆ, "ಏನಂತೆ? ಮೈಸೂರ್‌ನೋರು ಏನ್ ಬರ್ದವ್ರೆ?" ಎಂದು ನಿಂತರು. ಅಭಿನಂದನೆ ಎಂದು ಬರೆದಿದ್ದೀರಿ ಎಂದೆ. "ಯಾತಕ್ಕೆ?" ಎಂದರು. ಅದು ನನಗೂ ಗೊತ್ತಾಗಲಿಲ್ಲ.

ಗೆಳತಿ ನೀವು ಮಾಡಿದವಳು ಎಂದು ತಿಳಿದು ಒಂದು ದೂರು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಾತು ಬಹಳ ನಾಜೂಕು, ಒಳ್ಳೆಯ ಮನೆತನದ ಹುಡುಗಿಯ ಹಾಗೆ. ಆದರೆ ಉಪಚಾರ ಕಲಿಸಿಲ್ಲ. "ಸುನಂದಾ, ಇನ್ನಷ್ಟು ವಿವರಣೆ ಬೇಕೇ?" ಎನ್ನುತ್ತಾಳೆ. "ಇರ್ಲಿ ಬುಡವ್ವ" ಎನ್ನುತ್ತೇನೆ. ಅಷ್ಟೇ, ಎದ್ದು ಹೋಗಿಬಿಡುತ್ತಾಳೆ! ನಮ್ಮ ಕಡೆ ಮನೆಗೆ ಬಂದವರನ್ನು ಕಾಫಿ ಕುಡಿಯಿರಿ ಎಂದರೆ, "ಬ್ಯಾಡ ಕಣವ್ವ, ಈಗ್ತಾನೆ ಕುಡ್ಕೊಂಡ್ ಬಂದೆ" ಎನ್ನುತ್ತಾರೆ. ಹಾಗೆಂದು ಒಲೆ ಆರಿಸುತ್ತೇವೆಯೇ? ಹಾಲು ಇಟ್ಟ ಮೇಲೆ ಇನ್ನೊಂದು ಸಲ ಕೇಳುತ್ತೇವೆ. ಮೂರನೇ ಸಲಕ್ಕೆ ಲೋಟ ಕೈಗೇ ಕೊಡುತ್ತೇವೆ. ಇವಳು ಒಂದೇ ಸಲ ಕೇಳುತ್ತಾಳೆ. ಕೇಳಿದ ತಕ್ಷಣ ಬೇಕು ಎಂದು ಕೈ ಚಾಚಲು ನಾವೇನು ಬರಗೆಟ್ಟವರೇ?

ಕೆಲವು ಪಾಠ ನನಗೆ ಅರ್ಥವಾಗಿರಲಿಲ್ಲ ಸರ್. ಅವಳು ಮತ್ತೆ ಕೇಳುತ್ತಾಳೆಂದು ಫೋನು ಹಿಡಿದುಕೊಂಡೇ ಕೂತಿರುತ್ತಿದ್ದೆ. ಅಳತೆ ಕೊಟ್ಟು ಹೊಲಿಸಿದ ರವಿಕೆ ಎಂದಿರಿ. ಅಳತೆ ತೆಗೆಯುವಾಗ ನಾನು ಉಸಿರು ಬಿಗಿಹಿಡಿದಿದ್ದೆ ಎಂದು ಕಾಣುತ್ತದೆ.

ಸಿಂಧು ಹಾಗಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಓದಿದವಳು. ಬೇಕು ಎಂದರೆ ಬೇಕು, ಬೇಡ ಎಂದರೆ ಬೇಡ. ಚಿಕ್ಕವಳಾಗಿದ್ದಾಗ ನನ್ನ ಅಂಗನವಾಡಿಗೇ ಬರುತ್ತಿದ್ದಳು. ಆಗಲೂ ಉಪ್ಪಿಟ್ಟು ಇನ್ನೂ ಬೇಕು ಎಂದು ತಟ್ಟೆ ಬಡಿಯುತ್ತಿದ್ದಳು.

ಬಿಟ್ಟುಹೋದ ಪಾಠಗಳು ನನಗೂ ಬರುವಂತೆ ಮಾಡಲು ಆಗುತ್ತದೆಯೇ? ಅವಸರವೇನಿಲ್ಲ, ನಿಮಗೆ ಬಿಡುವಾದಾಗ ನೋಡಿ.

ಇಂತಿ,
ಸುನಂದಮ್ಮ


ಮೈಸೂರು
18 ಮಾರ್ಚ್ 2025

ಪ್ರಿಯ ಸುನಂದಮ್ಮನವರೇ,

ನಿಮ್ಮ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ನಗು ನಿಂತುಹೋಯಿತು. ನಿಮ್ಮ ಉತ್ತರಗಳ ಧ್ವನಿಮುದ್ರಣ ಹಾಕಿಕೊಂಡು ಕೇಳಿದೆ. ಇರ್ಲಿ ಬುಡವ್ವ, ಬ್ಯಾಡ ಬುಡು, ಆಯ್ತು ಬುಡಿ. ಹಿಂದೆ ಬೀದಿಯಲ್ಲಿ ಮಕ್ಕಳ ಗಲಾಟೆ, ಒಮ್ಮೆ ಬಸ್ಸಿನ ಹಾರ್ನು. ಯಂತ್ರ ಇದನ್ನು ಶುದ್ಧ ಕನ್ನಡಕ್ಕೆ ತಿರುಗಿಸಿ "ಬಿಡಿ" ಎಂದು ಬರೆದುಕೊಂಡಿದೆ. ಬಿಡಿ ಎಂದರೆ ಪಾಠ ಬಿಡಬೇಕು ಎಂದು ಅದರ ತಿಳಿವಳಿಕೆ. ಬೆಂಗಳೂರಿನ ನಮ್ಮ ತಂಡದವರಿಗೆ ಇದು ಹೊಳೆಯಲಿಲ್ಲ ಎಂದರೆ ಒಪ್ಪಬಹುದು. ಕೆ.ಆರ್. ನಗರದಲ್ಲಿ ಹುಟ್ಟಿದ ನನಗೇ ಹೊಳೆಯಲಿಲ್ಲ. ನಮ್ಮ ತಾಯಿ ಶಿವನಂಜಮ್ಮ ನೆಂಟರ ಮನೆಯಲ್ಲಿ ಹೋಳಿಗೆಗೆ ಬೇಡ ಎನ್ನುತ್ತಲೇ ತಟ್ಟೆ ಮುಂದೆ ತಳ್ಳುವವರು!

ಈಗ ಕಷ್ಟದ ಮಾತು. ಪಾಠ ಬಿಟ್ಟಂತೆಲ್ಲ ಯಂತ್ರ ಕಿರುಪರೀಕ್ಷೆಯನ್ನೂ ಸುಲಭ ಮಾಡುತ್ತ ಹೋಗಿದೆ, ಅದಕ್ಕೇ ನಿಮಗೆ ಒಳ್ಳೆಯ ಅಂಕ. ಮೂರನೇ ವರ್ಷದ ಆರಂಭದಲ್ಲಿ ನಿಮ್ಮನ್ನು ಸರಳ ದಾರಿಗೆ ಹಾಕಬಹುದೇ ಎಂದು ಗೆಳತಿ ಕೇಳಿದ್ದಾಳೆ. ನೀವು ಆಯ್ತು ಬುಡಿ ಎಂದಿದ್ದೀರಿ. ಸರಳ ದಾರಿಯ ಕೊನೆಗೆ ಸಿಗುವುದು ಪದವಿ ಅಲ್ಲ, ಪ್ರಮಾಣಪತ್ರ.

ಆದರೆ ಬಾಗಿಲು ಮುಚ್ಚಿಲ್ಲ. ನಿಮ್ಮನ್ನು ಪದವಿಯ ದಾರಿಗೆ ಮರಳಿಸಿ, ಬಿಟ್ಟ ಪಾಠಗಳಿಗೆ ಜೂನ್‌ನಲ್ಲಿ ಪರೀಕ್ಷೆ ಬರೆಯಲು ಅವಕಾಶ ಕೊಡಿ ಎಂದು ನಾನು ವಿಶ್ವವಿದ್ಯಾಲಯದ ಪರೀಕ್ಷಾ ಸಮಿತಿಗೆ ಬರೆಯಬಹುದು. ಏಪ್ರಿಲ್ 15ರೊಳಗೆ ಅದು ಸಮಿತಿಗೆ ತಲುಪಬೇಕು. ನಮ್ಮ ವಿಭಾಗದ ಮುಖ್ಯಸ್ಥ ಕುಮಾರ್ ಅವರಿಗೆ ಇದು ಅಷ್ಟು ಇಷ್ಟವಾಗಲಾರದು. ಸ್ವಲ್ಪ ನಿಷ್ಠುರ ಆಗಬೇಕಾಗುತ್ತದೆ, ಆಗೋಣ. ನಿಮಗೂ ಎರಡು ತಿಂಗಳು ಬಹಳ ಓದು ಬೀಳುತ್ತದೆ. ಒತ್ತಾಯವಿಲ್ಲ. ಮೇಲ್ವಿಚಾರಕಿ ಹುದ್ದೆಗೆ ಮುಂದಿನ ಸಲದ ನೇಮಕಾತಿಯಲ್ಲಿ ನೋಡೋಣ ಎಂದರೆ ಹಾಗೂ ಆಗಬಹುದು.

ಬರೆಯಲೇ? ನಿಮ್ಮ ಇಚ್ಛೆ ತಿಳಿಸಿ.

ನಂಜುಂಡೇಶ್


ಹಂಪಾಪುರ
29 ಮಾರ್ಚ್ 2025

ನಂಜುಂಡೇಶ್ ಸರ್ ಅವರಿಗೆ ನಮಸ್ಕಾರಗಳು. ನಾವೆಲ್ಲ ಕ್ಷೇಮ.

ನಾಳೆ ಯುಗಾದಿ. ಬೇವಿನ ಹೂ ಈ ಸಲ ಚೆನ್ನಾಗಿ ಬಿಟ್ಟಿದೆ. ನಿಮಗೂ ತಾಯಿಯವರಿಗೂ ಶುಭಾಶಯ.

ಪ್ರಮಾಣಪತ್ರ ಎಂದರೆ ಪದವಿ ಅಲ್ಲ ಎಂದು ತಿಳಿಯಿತು. ಓದಿದಾಗ ಕಾಳು ಆರಿಸುತ್ತಿದ್ದೆ, ಮೊರ ಹಾಗೇ ತೊಡೆಯ ಮೇಲೆ ಉಳಿಯಿತು. ಆಮೇಲೆ ಸರಿಹೋಯಿತು.

ನನಗೋಸ್ಕರ ನೀವು ಮೇಲಿನವರ ಹತ್ತಿರ ನಿಷ್ಠುರವಾಗುವುದು ನನಗೆ ಸರಿ ಕಾಣುವುದಿಲ್ಲ. ಹೊಟ್ಟೆಪಾಡಿನ ಜಾಗ ಅದು. ಮುಖ ನೋಡದಿದ್ದರೂ ಇಷ್ಟು ಬರೆದಿರಿ, ಅದೇ ದೊಡ್ಡದು. ಇರಲಿ ಬಿಡಿ ಸರ್.

ಭಾನುವಾರಗಳಲ್ಲಿ ಸಿಂಧು ನನಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದಾಳೆ. ಸರಾಸರಿ ಅರ್ಥವಾಯಿತು. ನಮ್ಮ ಮಕ್ಕಳ ತೂಕವನ್ನೇ ಇಟ್ಟುಕೊಂಡು ಲೆಕ್ಕ ಮಾಡಿದೆವು. "ಟೀಚರ್, ನೀವು ಬೇಗ ಕಲೀತೀರ ಕಣ್ರೀ" ಎಂದಳು. ನಾನು ಅವಳಿಗೆ ಅ ಆ ತಿದ್ದಿಸಿದವಳು, ಅವಳ ಬಾಯಲ್ಲಿ ಆ ಮಾತು ಕೇಳಿ ಏನೋ ಒಂಥರಾ ಹಿಗ್ಗು. ಇಂಗ್ಲಿಷ್ ಪ್ರಬಂಧಗಳನ್ನೂ ಬಾಯಿಪಾಠ ಮಾಡುತ್ತಿದ್ದೇನೆ. ಸೊಸೆ ಅಡುಗೆ ನೋಡಿಕೊಳ್ಳುತ್ತಾಳೆ, ಎರಡು ತಿಂಗಳಿಗೆ ತೊಂದರೆ ಇಲ್ಲ ಎಂದಿದ್ದಾಳೆ.

ಯಜಮಾನರು ಇನ್ನೊಂದು ವಿಷಯವನ್ನೂ ಬರೆ ಎಂದು ಎದುರಿಗೇ ಕೂತಿದ್ದಾರೆ. ಬರೆದರೆ ನಿಮ್ಮ ಮೇಲೆ ಭಾರ ಹಾಕಿದಂತೆ, ಅದಕ್ಕೆ ಬರೆಯುತ್ತಿಲ್ಲ.

ನಿಮ್ಮ ಕಾಗದದ ದಾರಿ ನೋಡುತ್ತಿರುತ್ತೇನೆ.

ಸುನಂದಮ್ಮ


ಮೈಸೂರು
30 ಏಪ್ರಿಲ್ 2025

ಪ್ರಿಯ ಸುನಂದಕ್ಕ,

ಹೀಗೆ ಕರೆಯಬಹುದಲ್ಲವೇ? ನಿಮ್ಮ ಕಾಗದದಿಂದ ಎದೆಯ ಮೇಲಿನ ಕಲ್ಲು ಇಳಿಯಿತು. ಎಂಥ ದೊಡ್ಡ ಮನಸ್ಸು ನಿಮ್ಮದು! ಬೇರೆಯವರಾಗಿದ್ದರೆ ಕೋರ್ಟು ಕಚೇರಿ ಎನ್ನುತ್ತಿದ್ದರು. ನಿಮ್ಮ ಇಚ್ಛೆಯಂತೆ ನಾನು ಸಮಿತಿಗೆ ಬರೆಯಲಿಲ್ಲ. ಕುಮಾರ್ ಅವರಿಗೂ ವಿಷಯ ತಿಳಿಸಿದೆ. ಕಲಿಕಾರ್ಥಿಯೇ ಬೇಡ ಎಂದ ಮೇಲೆ ಮುಗಿಯಿತಲ್ಲ ಎಂದರು. ಪ್ರಮಾಣಪತ್ರ ಜೂನ್‌ನಲ್ಲಿ ಬರುತ್ತದೆ. ಓದಿನ ಹವ್ಯಾಸ ಮಾತ್ರ ಬಿಡಬೇಡಿ, ಸಿಂಧು ಅವರ ಜೊತೆ ಮುಂದುವರಿಸಿ.

ನಿಮ್ಮಿಂದ ಒಂದು ದೊಡ್ಡ ಉಪಕಾರವಾಗಿದೆ. ಗೆಳತಿ ಇನ್ನು ಎರಡು ಸಲ ಕೇಳುವಂತೆ ಬದಲಾಯಿಸುತ್ತಿದ್ದೇನೆ. ಹಳೇ ಮೈಸೂರಿನ ಮಾತಿನ ರೀತಿಯನ್ನು ಯಂತ್ರಕ್ಕೆ ಕಲಿಸುವುದು ಹೇಗೆ ಎಂದು ಮುಂದಿನ ತಿಂಗಳ ಸಮ್ಮೇಳನದಲ್ಲಿ ಒಂದು ಪ್ರಬಂಧವನ್ನೂ ಮಂಡಿಸಲಿದ್ದೇನೆ. ಹೆಸರು ಹೇಳದೆ ನಿಮ್ಮ ಉದಾಹರಣೆ ಕೊಡುತ್ತೇನೆ. ಬೇಸರವಿಲ್ಲ ತಾನೇ?

ನಿಮ್ಮ ತಮ್ಮ,
ನಂಜುಂಡೇಶ್


ಮೈಸೂರು
8 ಜುಲೈ 2025

ಸುನಂದಕ್ಕ,

ಎರಡು ತಿಂಗಳಿಂದ ನಿಮ್ಮ ಕಾಗದವಿಲ್ಲ. ಅಂಚೆಯಲ್ಲಿ ಎಲ್ಲೋ ತಪ್ಪಿರಬೇಕು ಎಂದುಕೊಂಡಿದ್ದೆ.

ಭಾನುವಾರ ಕೆ.ಆರ್. ನಗರಕ್ಕೆ ಹೋಗಿದ್ದೆ. ಸಮ್ಮೇಳನದಲ್ಲಿ ಚಪ್ಪಾಳೆ ಬಿದ್ದ ಸುದ್ದಿ ಹೇಳುತ್ತ, ಅಮ್ಮನಿಗೆ ನಿಮ್ಮ ಕಾಗದಗಳನ್ನು ಓದಿದೆ. ಉಪಚಾರದ ಮಾತಿಗೆ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಯುಗಾದಿಯ ಕಾಗದ ಓದಿ ಮುಗಿಸಿದಾಗ, "ಆಮ್ಯಾಕೆ ನೀ ಏನ್ ಮಾಡ್ದೆ?" ಎಂದರು. ಬೇಡ ಎಂದರಲ್ಲ, ಬಿಟ್ಟೆ ಎಂದೆ. "ಅಯ್ಯೋ ಮಂಕೇ, ಅಡ್ಗೇನೂ ಸೊಸೆಗೆ ವಹಿಸ್ಬುಟ್ಟು ಓದ್ತಾ ಕುಂತವ್ಳೆ. ಅದು ಬ್ಯಾಡ ಅನ್ನೋ ಮಾತೇನ್ಲಾ? ಇನ್ನೊಂದ್ ಕಿತ ಕೇಳೋಕೆ ನಿಂಗೇನಾಗಿತ್ತು ದಾಡಿ?"

ನಾನು ತಟ್ಟೆಯ ಮುಂದಿನಿಂದ ಎದ್ದು ಹೋದೆ. ಯಂತ್ರಕ್ಕೆ ಎರಡು ಸಲ ಕೇಳು ಎಂದು ಕಲಿಸುತ್ತಿದ್ದ ದಿನಗಳಲ್ಲೇ ನಾನು ನಿಮ್ಮನ್ನು ಒಂದೇ ಸಲ ಕೇಳಿದ್ದೆ. ಅದೂ ಹೇಗೆ? ನನಗೆ ಕಷ್ಟ, ನಿಮಗೂ ಕಷ್ಟ, ಒತ್ತಾಯವಿಲ್ಲ ಎಂದು. ನೀವು ಬೇಡ ಎನ್ನಲಿ ಎಂದೇ ನಾನು ಹಾಗೆ ಬರೆದೆನೋ ಏನೋ. ನಿಮ್ಮ ಹಾಗೆ ಬಿಡಿ ಎಂದು ದಾಖಲಾದವರು ನಿಮ್ಮ ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲೇ ಬಹಳ ಜನ ಇದ್ದಾರೆ. ಅವರೆಲ್ಲರನ್ನೂ ತೃಪ್ತ ಕಲಿಕಾರ್ಥಿಗಳು ಎಂದು ವರದಿಯಲ್ಲಿ ತೋರಿಸಿದ್ದೇವೆ. ನಿಮ್ಮದೊಂದು ಅರ್ಜಿ ಹೋಗಿದ್ದರೆ ಆ ವರದಿ ಸುಳ್ಳೆಂದು ಬಯಲಾಗುತ್ತಿತ್ತು. ಇದನ್ನು ಮಾರ್ಚ್‌ನಲ್ಲಿ ನಿಮಗೆ ಬರೆಯಲಿಲ್ಲ.

ಸೋಮವಾರವೇ ಸಮಿತಿಗೆ ಬರೆದೆ. ಗಡುವು ಮುಗಿದಿದೆ ಎಂದು ಅವತ್ತೇ ಉತ್ತರ ಬಂತು. ಹೊಸದಾಗಿ ಸೇರಿದರೆ ಮೂರು ವರ್ಷದಲ್ಲಿ ಪದವಿ ಸಿಗುತ್ತದೆ, ಶುಲ್ಕ ಬೇಡ ಎಂದಿದ್ದಾರೆ. ನಿಮ್ಮ ನೇಮಕಾತಿಗೆ ಇನ್ನೂ ಕಾಲ ಇದೆಯೇ? ನೀವು ಬರೆಯದೆ ಬಿಟ್ಟ ವಿಷಯ ಯಾವುದು? ದಯವಿಟ್ಟು ಹೇಳಿ. ಫೋನ್ ನಂಬರು ಕೆಳಗೆ ಬರೆದಿದ್ದೇನೆ.

ನಂಜುಂಡೇಶ್


ಮೈಸೂರು
22 ಸೆಪ್ಟೆಂಬರ್ 2025

ಅಕ್ಕ,

ಉತ್ತರ ಬರಲಿಲ್ಲ. ಬೈದಾದರೂ ಒಂದು ಸಾಲು ಬರೆಯಿರಿ.

ಈ ವರ್ಷ ಹೊಸದಾಗಿ ಸೇರಿದವರಿಗೆ ಗೆಳತಿ ಎರಡು ಸಲ ಕೇಳುತ್ತಿದ್ದಾಳೆ. ಸರಳ ದಾರಿಗೆ ಹೋಗುವವರು ಕಡಿಮೆಯಾಗಿದ್ದಾರೆ. ನನ್ನನ್ನು ಬೇರೆ ವಿಭಾಗಕ್ಕೆ ಹಾಕಿದ್ದಾರೆ, ಅದೇನೂ ದೊಡ್ಡ ವಿಷಯವಲ್ಲ. ಹೊಸ ಸೇರ್ಪಡೆ ಈ ತಿಂಗಳ ಕೊನೆಯವರೆಗೆ ಇದೆ. ನಿಮ್ಮ ಹೆಸರಿನ ಅರ್ಜಿ ತುಂಬಿಸಿಟ್ಟಿದ್ದೇನೆ. ಕೆಲಸಕ್ಕೆ ಅಲ್ಲದಿದ್ದರೂ ಮನಸ್ಸಿನ ಸಮಾಧಾನಕ್ಕೆ, ಗೋಡೆಯ ಮೇಲೆ ಒಂದು ಪದವಿ ಇರಲಿ. ಹೂಂ ಎನ್ನಿ ಸಾಕು. ಇದು ಮೂರನೇ ಸಲ ಕೇಳುತ್ತಿದ್ದೇನೆ.

ನಂಜುಂಡೇಶ್


ಹಂಪಾಪುರ
16 ನವೆಂಬರ್ 2025

ಮಾನ್ಯರೇ,

ತಡವಾಗಿ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಬರೆಯಬಾರದು ಎಂದು ಕಾದೆ. ಸಿಟ್ಟು ಇಳಿದ ಮೇಲೆ ಬರೆಯಲು ಏನೂ ಉಳಿದಿರಲಿಲ್ಲ.

ಆಗಸ್ಟ್‌ನಲ್ಲಿ ಒಂದು ಭಾನುವಾರ ನೀವು ಹಂಪಾಪುರಕ್ಕೆ ಬಂದಿದ್ದಿರಿ. ನೀಲಕಂಠಸ್ವಾಮಿ ಅಂಗಡಿಯ ಮುಂದೆ ನಿಂತು ಅಂಗನವಾಡಿ ಟೀಚರ್ ಮನೆ ಯಾವುದು ಎಂದು ಕೇಳಿ, ತೋರಿಸಿದ ಮೇಲೆ ಈ ಕಡೆ ಬರದೆ ಬಸ್ಸು ಹತ್ತಿದಿರಂತೆ. "ಯಾರೋ ಮೈಸೂರ್‌ನೋರು ಕಣಕ್ಕ, ಮೊಕ ಇಷ್ಟ್ ಮಾಡ್ಕೊಂಡಿದ್ರು" ಎಂದು ನೀಲಕಂಠಸ್ವಾಮಿ ಹೇಳಿದ. ಬಂದಿದ್ದರೆ ಕಾಫಿ ಕೊಡುತ್ತಿದ್ದೆ. ಅದಕ್ಕೇ ಹೆದರಿದಿರೇನೋ.

ಬರೆಯದೆ ಬಿಟ್ಟ ವಿಷಯ ಕೇಳಿದ್ದೀರಿ. ನಮ್ಮಲ್ಲಿ ಮೇಲ್ವಿಚಾರಕಿಗೆ ನಲವತ್ತೈದು ತುಂಬಿರಬಾರದು. ನನಗೆ ಸೆಪ್ಟೆಂಬರ್ ನಾಲ್ಕಕ್ಕೆ ತುಂಬಿತು. ನಾನು ಹೇಳದಿದ್ದರೂ ನಿಮ್ಮ ಯಂತ್ರಕ್ಕೆ ಗೊತ್ತಿತ್ತು. ಆ ದಿನ ಬೆಳಿಗ್ಗೆ ಮೊಟ್ಟೆ ಬೇಯಲು ಇಟ್ಟಿದ್ದೆ, ಫೋನು ಬಡಿದುಕೊಂಡಿತು. ಗೆಳತಿ ನನ್ನ ಹೆಸರು ಹಿಡಿದು ಹುಟ್ಟುಹಬ್ಬದ ಶುಭಾಶಯ ಹೇಳಿದಳು. ಪರದೆ ತುಂಬ ಬಲೂನು. ಮಕ್ಕಳು ಸುತ್ತ ನಿಂತು ಚಪ್ಪಾಳೆ ತಟ್ಟಿದವು. ನಾನೂ ಅವುಗಳ ಜೊತೆ ತಟ್ಟಿದೆ.

ಸಿಂಧು ಮೇಲ್ವಿಚಾರಕಿಯಾಗಿ ನಮ್ಮ ವಲಯಕ್ಕೇ ಬಂದಿದ್ದಾಳೆ. ಕಳೆದ ವಾರ ಮೊದಲ ಭೇಟಿ. ಕುರ್ಚಿ ಎಳೆದು ಕೊಟ್ಟೆ. ಕೂರಲಿಲ್ಲ, "ನೀವ್ ಕುಂತ್ಕೊಳಿ ಟೀಚರ್" ಎಂದಳು. ನೀನು ಈಗ ಮೇಡಂ, ನೀನೇ ಕೂರಬೇಕು ಎಂದೆ. ಇಬ್ಬರೂ ನಿಂತೇ ಕೆಲಸ ಮುಗಿಸಿದೆವು. ಹಾಜರಿ ಪುಸ್ತಕಕ್ಕೆ ಅವಳು ಸಹಿ ಹಾಕಿದಳು. ಅವಳು ಓದಿದಳು, ಅವಳಿಗೆ ಸಿಕ್ಕಿತು, ಅವಳ ಮೇಲೆ ನನಗೆ ಏನೂ ಇಲ್ಲ. ಆದರೆ ಹೋದ ಮೇಲೆ ದಾಸ್ತಾನು ಕೋಣೆಯಲ್ಲಿ ಅಕ್ಕಿ ಮೂಟೆಯ ಮೇಲೆ ಕೂತು ಅತ್ತೆ. ಮಗುವೊಂದು ಬಂದು ಬಾಗಿಲಲ್ಲಿ ನಿಂತಾಗ ಕಣ್ಣಿಗೆ ಧೂಳು ಬಿತ್ತು ಎಂದೆ.

ಗೋಡೆಯ ಮೇಲೆ ಪದವಿ ಇರಲಿ ಎಂದಿದ್ದೀರಿ. ನಮ್ಮ ಗೋಡೆಗೆ ಮೊಳೆ ಹೊಡೆದರೆ ಗಾರೆ ಉದುರುತ್ತದೆ. ಮೂರು ವರ್ಷ ಓದಿ ಅದನ್ನು ಏನು ಮಾಡಲಿ? ಅರ್ಜಿ ಹರಿದುಹಾಕಿ. ಇದನ್ನು ಇನ್ನೊಂದು ಸಲ ಕೇಳಬೇಡಿ.

ಎರಡು ಸಲ ಕೇಳುತ್ತಾಳೆ ಎಂದು ಹಿಗ್ಗಿದ್ದೀರಿ, ಒಳ್ಳೆಯದು. ನನ್ನ ತಾಯಿ ತಿಮ್ಮಮ್ಮ ಮೂರು ಸಲ ಕೇಳಿದರೂ ಬೇಡ ಎನ್ನುತ್ತಿದ್ದಳು. ಮದುವೆ ಮನೆಗಳಲ್ಲಿ ಎಲ್ಲರಿಗೂ ಬಡಿಸಿ, ತನಗೆ ಹಸಿವಿಲ್ಲ ಎಂದು ಹೇಳಿ, ಮನೆಗೆ ಬಂದು ನೀರು ಕುಡಿದು ಮಲಗುತ್ತಿದ್ದಳು. ಹೆಣ್ಣುಮಗಳು ಬೇಕು ಎನ್ನಬಾರದು ಎಂದು ನನಗೆ ಕಲಿಸಿದವಳೂ ಅವಳೇ. ಅದನ್ನು ನಾನು ಚೆನ್ನಾಗಿಯೇ ಕಲಿತೆ. ನಿಮ್ಮ ಮೇಲೆ ಪೂರ್ತಿ ತಪ್ಪು ಹಾಕುವುದಿಲ್ಲ, ಆದರೆ ನಿಮ್ಮನ್ನು ಕ್ಷಮಿಸಿದ್ದೇನೆ ಎಂದೂ ಬರೆಯುವುದಿಲ್ಲ.

ಏಪ್ರಿಲ್ ತಿಂಗಳಿಡೀ ಅಂಚೆಯವನು ಬರುವ ಹೊತ್ತಿಗೆ ಜಗಲಿಗೆ ಬಂದು ನಿಲ್ಲುತ್ತಿದ್ದೆ. ಇವರು ಮತ್ತೆ ಕೇಳುತ್ತಾರೆ, ನಮ್ಮ ಕಡೆಯವರು, ಕೇಳದೆ ಇರುವುದಿಲ್ಲ ಎಂದು. ಇದನ್ನು ಯಾರಿಗೂ ಹೇಳಿಲ್ಲ, ಯಜಮಾನರಿಗೂ ಇಲ್ಲ. ಈಗ ಹೇಳುವುದರಿಂದ ಆಗಬೇಕಾದ್ದು ಏನೂ ಇಲ್ಲ. ಆದರೂ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಬೇಕು ಅನ್ನಿಸಿತು. ಆ ಕೆಲಸ ನನಗೆ ಬೇಕಿತ್ತು. ಬಹಳ ಬೇಕಿತ್ತು ಸರ್.

ಸುನಂದಮ್ಮ